ನೀರಿಲ್ಲದ ಯಂತ್ರದಲ್ಲಿ ನೇರಳೆ ಕಲೆ

ಕಂತು ಏಳು

"ಇದ್ರಲ್ಲಿ ಒಂದು ತೊಟ್ಟು ನೀರಿಲ್ಲ ಮೇಡಂ. ನಾನು ಕಟ್ಟಿದ ಯಾವ ಕಂಪ್ಯೂಟರಲ್ಲೂ ಇಲ್ಲ. ಬಿಸಿ ಇಳಿಸೋದು ಬರೀ ಗಾಳಿ," ಎಂದ ಫ್ಯಾನಣ್ಣ.

"ಹಾಗಾದ್ರೆ ಇದೇನು?"

ಬೂದಿ ಮೇಡಂ ಟಾರ್ಚನ್ನು ಕಂಪ್ಯೂಟರ್ ಪೆಟ್ಟಿಗೆಯ ತಳಕ್ಕೆ ಹಿಡಿದರು. ಪವರ್ ಸಪ್ಲೈನ ಜಾಲರಿಯ ಸುತ್ತ ನೇರಳೆ ಬಣ್ಣದ ಕಲೆಯೊಂದು ಒಣಗಿ ಕೂತಿತ್ತು. ಅಂಚಿನಲ್ಲಿ ದಟ್ಟ, ನಡುವೆ ತೆಳು. ಅದು ಮೇಲಿನಿಂದ ಇಳಿದು ಬಂದ ದಾರಿ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೂ ಸ್ಪಷ್ಟವಾಗಿತ್ತು.

ಫ್ಯಾನಣ್ಣ ಬಗ್ಗಿ ನೋಡಿದ. ಬಣ್ಣ ಗುರುತಿಸಿದವನ ಹಾಗೆ ಹಿಂದೆ ಸರಿದ.

ಸೋಮವಾರ ಬೆಳಗ್ಗೆ ಈ ಕಂಪ್ಯೂಟರಿನ ಗುಂಡಿ ಒತ್ತಿದ ಕಲಾವಿದೆ, ಒಳಗೆ ಪಟ್ಟೆಂದು ಸಿಡಿದ ಸದ್ದಿಗೆ ಬೆಚ್ಚಿ ಕುರ್ಚಿ ಸಮೇತ ಉರುಳಿ ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಮೂರು ವರ್ಷದ ದುಡಿಮೆಯ ಹನ್ನೊಂದು ನಿಮಿಷದ ಕಾರ್ಟೂನ್ ಚಿತ್ರ ಅದರೊಳಗಿತ್ತು, ಅದನ್ನು ಚಿತ್ರೋತ್ಸವಕ್ಕೆ ಒಪ್ಪಿಸಲು ಉಳಿದಿದ್ದು ಒಂಬತ್ತು ದಿನ. ಇವತ್ತು ಬುಧವಾರ.

ಬೂದಿ ಮೇಡಂ ಇಪ್ಪತ್ತೆರಡು ವರ್ಷ ವಿಮೆ ಕಂಪನಿಗಾಗಿ ಸುಟ್ಟ ಗೋದಾಮು, ಸುಟ್ಟ ಗಿರಣಿಗಳಲ್ಲಿ ಬೂದಿ ಕೆದಕಿ, ಬೆಂಕಿ ಎಲ್ಲಿ ಹೊತ್ತಿತು ಎಂದು ಹೇಳುತ್ತಿದ್ದವರು. ಹೆಸರು ಅಲ್ಲಿಯೇ ಅಂಟಿತು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಬಿಡಲಿಲ್ಲ.

"ಬಿಚ್ಚಿ ನೋಡೋಣ. ನೀವೇ ಕಟ್ಟಿದ್ದಲ್ವಾ, ನೀವೇ ಬಿಚ್ಚಿ," ಎಂದು ಅವರು ಸ್ಕ್ರೂಡ್ರೈವರ್ ಮುಂದೆ ಚಾಚಿದರು.

ಫ್ಯಾನಣ್ಣ ಕೈಗಳನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯಲಿಲ್ಲ. "ಬೇಡ ಮೇಡಂ. ಆಮೇಲೆ ನಾನೇ ಸಾಕ್ಷಿ ಕೆಡಿಸ್ದೆ ಅಂತೀರಿ. ಎಲ್ಲೆಲ್ಲಿ ಬಿಚ್ಚಬೇಕು ನಾನು ಹೇಳ್ತೀನಿ."

ಅವನು ಹೇಳಿದಂತೆ ಅವರು ಬಿಚ್ಚುತ್ತಾ ಹೋದರು. ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾವ ಭಾಗವನ್ನು ಯಾಕೆ ಆರಿಸಿದ್ದು ಎಂದು ಕೇಳಿದರೆ ಸಾಕು, ಸ್ವಂತ ಮಗಳ ಜಾಣತನ ಹೇಳುವವನ ಹಾಗೆ ಹೇಳುತ್ತಿದ್ದ.

"ಇವರು ಪಾತ್ರಗಳ ದನಿಯನ್ನ ಇದೇ ಕೋಣೇಲಿ ರೆಕಾರ್ಡ್ ಮಾಡ್ತಾರೆ. ಫ್ಯಾನ್ ಸದ್ದು ಮೈಕಿಗೆ ಬೀಳೋ ಹಾಗಿಲ್ಲ. ಚಿಕ್ಕ ಫ್ಯಾನ್ ಆದ್ರೆ ಜೋರಾಗಿ ತಿರುಗ್ಬೇಕು, ಕಿರುಚಾಡುತ್ತೆ. ದೊಡ್ಡದು ನಿಧಾನಕ್ಕೆ ತಿರುಗಿದ್ರೂ ಅಷ್ಟೇ ಗಾಳಿ ತರುತ್ತೆ. ಅದಕ್ಕೆ ಮುಂದೆ ಮೂರು ದೊಡ್ಡವು, ಮೇಲೆ ಎರಡು, ಹಿಂದೆ ಒಂದು. ತಣ್ಣಗಿರೋ ಗಾಳಿ ಮುಂದಿಂದ ಒಳಗೆ, ಬಿಸಿ ಗಾಳಿ ಮೇಲಿಂದ ಹೊರಗೆ. ಪೆಟ್ಟಿಗೆಗೆ ಗಾಜಿನ ಮುಖ ಬೇಡ ಅಂದೆ. ಚೆನ್ನಾಗಿ ಕಾಣುತ್ತೆ, ಆದ್ರೆ ಉಸಿರು ಕಟ್ಟುತ್ತೆ. ಜಾಲರಿ ಮುಖದ್ದು ತಗೊಂಡ್ವಿ. ಪ್ರೊಸೆಸರ್ ಕೂಡ ಎಲ್ಲಕ್ಕಿಂತ ಮೇಲಿನದು ಬೇಡ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಾಕು ಅಂದೆ. ವೇಗದಲ್ಲಿ ಕಳ್ಕೊಳ್ಳೋದು ಚೂರು, ಬಿಸಿಯಲ್ಲಿ ಉಳಿಯೋದು ಬೇಕಾದಷ್ಟು."

"ಇಷ್ಟನ್ನೆಲ್ಲ ಆರಿಸೋಕೆ ಎಷ್ಟು ದಿನ ಹಿಡೀತು?"

"ಆರು ಶನಿವಾರ."

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಕಲಾವಿದೆಯ ಗಂಡ, ದಂತವೈದ್ಯ, ಚೌಕಟ್ಟಿಗೆ ಒರಗಿ ನಿಂತಿದ್ದ.

"ಬೆಳಗ್ಗೆ ಹತ್ತಕ್ಕೆ ಹೋದ್ರೆ ಸಂಜೆವರೆಗೂ ಇವರ ಅಂಗಡಿ. ಮನೆಗೆ ಬಂದ ಮೇಲೂ ಫ್ಯಾನಣ್ಣ ಹೀಗಂದ್ರು, ಫ್ಯಾನಣ್ಣ ಹಾಗಂದ್ರು. ಮೇಡಂ, ನಮ್ಮನೆ ಸೋಫಾ ಆರಿಸೋಕೆ ನನ್ನ ಜೊತೆ ಹತ್ತು ನಿಮಿಷ ನಿಂತವಳಲ್ಲ ಇವಳು."

"ಸೋಫಾ ಬಿಸಿಯಾಗಲ್ವಲ್ಲ," ಎಂದಳು ಕಲಾವಿದೆ. ಕಿಟಕಿಯ ಪಕ್ಕ ಕೂತು, ಪಟ್ಟಿ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದಳು. ಗಂಡನ ಕಡೆ ತಿರುಗಿರಲಿಲ್ಲ.

ದಂತವೈದ್ಯ ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ.

ಬೂದಿ ಮೇಡಂ ಗ್ರಾಫಿಕ್ಸ್ ಕಾರ್ಡನ್ನು ಎತ್ತಿ ಮೇಜಿನ ಮೇಲಿಟ್ಟರು. ಅದರ ಕೆಳಗೆ ಮದರ್‌ಬೋರ್ಡಿನ ಮೇಲೆ ಬೆರಳುದ್ದದ ಖಾಲಿ ಜಾಗ. ಅದರ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಸ್ಕ್ರೂ.

"ಇಲ್ಲೇನಿರಬೇಕಿತ್ತು?"

ಫ್ಯಾನಣ್ಣನ ಮುಖದಿಂದ ಬಣ್ಣ ಇಳಿಯಿತು. "ಎಸ್‌ಎಸ್‌ಡಿ. ಇವರ ಸಿನಿಮಾ ಇರೋದೇ ಅದರಲ್ಲಿ. ಬೋರ್ಡು ಸುಟ್ಟಿದ್ರೂ ಅದು ಉಳಿದಿರುತ್ತೆ, ತೊಳೆದು ಒಣಗಿಸಿ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಎಲ್ಲ ಸಿಗುತ್ತೆ ಅಂತ ಸಮಾಧಾನ ಹೇಳೋಣ ಅಂತಲೇ ನಾನು ಬಂದೆ."

"ಸ್ಕ್ರೂ ಇದೆಯಲ್ಲ."

"ಅದೇ. ತೆಗೆದವರು ಸ್ಕ್ರೂನ ವಾಪಸ್ ಹಾಕಿದ್ದಾರೆ."

ಬೂದಿ ಮೇಡಂ ಆ ಸ್ಕ್ರೂವನ್ನೇ ನೋಡುತ್ತಾ ನಿಂತರು. ಎಸ್‌ಎಸ್‌ಡಿ ಕೀಳಲು ಮೊದಲು ಈ ಇಟ್ಟಿಗೆ ತೂಕದ ಕಾರ್ಡ್ ಬಿಚ್ಚಬೇಕು. ಬಿಚ್ಚಿ, ಕಿತ್ತು, ಸ್ಕ್ರೂ ಕಳೆಯದಂತೆ ಅದರ ಜಾಗಕ್ಕೇ ಹಾಕಿ, ಕಾರ್ಡನ್ನು ಮತ್ತೆ ಕೂರಿಸಿದ್ದಾರೆ. ಅವಸರದ ಕಳ್ಳನ ಕೆಲಸ ಇದಲ್ಲ. ಸ್ಕ್ರೂ ಕಳೆದರೆ ಮನಸ್ಸಿಗೆ ಕಸಿವಿಸಿಯಾಗುವವರ ಕೆಲಸ. ಆದರೆ ಅಷ್ಟು ಅಚ್ಚುಕಟ್ಟಿನವರು ಆಮೇಲೆ ಮೇಲಿನಿಂದ ನೀರು ಸುರಿದು ಹೋಗುತ್ತಾರೆಯೇ?

"ಇನ್ನೊಂದು ಪ್ರತಿ ಇಟ್ಟಿರ್ತೀರಲ್ಲ?" ಎಂದು ಕಲಾವಿದೆಯನ್ನು ಕೇಳಿದರು.

"ಡ್ರಾಯರಲ್ಲಿ ಹೊರಗಿನ ಡಿಸ್ಕ್ ಒಂದಿತ್ತು. ಸೋಮವಾರ ಆಸ್ಪತ್ರೆಯಿಂದ ಬಂದು ನೋಡಿದ್ರೆ ಅದೂ ಇಲ್ಲ." ಅವಳ ದನಿ ಒಣಗಿತ್ತು.

"ಮನೆ ಯಾವಾಗ ಖಾಲಿ ಇತ್ತು?"

"ಭಾನುವಾರ. ಇವರ ಅಕ್ಕನ ಮನೆಗೆ ಹೋಗಿದ್ವಿ. ಬೆಳಗ್ಗೆ ಎಂಟಕ್ಕೆ ಹೊರಟವರು ಸಂಜೆ ಏಳಕ್ಕೆ ಬಂದ್ವಿ. ಒಂದು ಕೀ ಫ್ಯಾನಣ್ಣನ ಹತ್ರ ಇತ್ತು. ಎರಡು ತಿಂಗಳಿಗೊಂದು ಸಲ ಜಾಲರಿ ಧೂಳು ತೆಗೀಬೇಕು ಅಂತ ಕೊಟ್ಟಿದ್ದೆ."

"ನಾನು ಹೋಗಲಿಲ್ಲ," ಎಂದ ಫ್ಯಾನಣ್ಣ. "ಜ್ವರ ಬಂದು ಮಲಗಿದ್ದೆ. ಕೀ ಅಂಗಡಿ ಮೊಳೆಯಲ್ಲಿ ನೇತಾಡ್ತಿತ್ತು. ನನ್ನ ಹೆಂಡ್ತಿನ ಕೇಳಿ."

"ಈ ನೇರಳೆ ನೀರು?"

ಫ್ಯಾನಣ್ಣ ಕಲೆಯಿಂದ ಮುಖ ತಿರುಗಿಸಿದ.

ಮತ್ತೆ ಬಾಗಿಲ ಕಡೆಯಿಂದಲೇ ಉತ್ತರ ಬಂತು. "ಅದು ಎಲ್ಲರಿಗೂ ಗೊತ್ತಿರೋ ವಿಷಯ ಮೇಡಂ. ಕಂಪ್ಯೂಟರಿಗೆ ನೀರು ಹರಿಸೋನು, ಅದಕ್ಕೆ ನೇರಳೆ ಬಣ್ಣ ಕಲಸೋನು ಈ ಊರಲ್ಲಿ ಒಬ್ಬನೇ. ಇವರ ಹೆಂಡತಿಯ ಅಣ್ಣ. ಸಂಜೆ ಐದರವರೆಗೆ ಕಾಯ್ತೀನಿ. ಆಮೇಲೆ ಪೊಲೀಸರಿಗೆ ದೂರು ಕೊಡ್ತೀನಿ."

*

ಪಂಪಣ್ಣನ ಅಂಗಡಿ ಎರಡು ಬೀದಿ ಆಚೆ. ಒಳಗೆ ಕಾಲಿಟ್ಟರೆ ಮೀನಿನ ತೊಟ್ಟಿಗಳ ಅಂಗಡಿಗೆ ಬಂದ ಹಾಗೆ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು, ಪೆಟ್ಟಿಗೆಗಳೊಳಗೆ ಬಾಗಿದ ಪಾರದರ್ಶಕ ಕೊಳವೆಗಳು, ಕೊಳವೆಗಳಲ್ಲಿ ನಿಧಾನಕ್ಕೆ ಹರಿಯುವ ನೇರಳೆ ದ್ರವ. ಪುಟ್ಟ ಪಂಪುಗಳು ಕಿವಿಗೊಟ್ಟರಷ್ಟೇ ಕೇಳುವಷ್ಟು ಮೆಲ್ಲಗೆ ಗುನುಗುತ್ತಿದ್ದವು.

ಹದಿನಾಲ್ಕು ವರ್ಷ ಫ್ಯಾನಣ್ಣನೂ ಇವನೂ ಒಂದೇ ಮೇಜಿನಲ್ಲಿ ಕೂತು ಕಂಪ್ಯೂಟರ್ ಕಟ್ಟಿದವರು. ಭಾವ, ಭಾವಮೈದುನ. ಬಿಸಿಯನ್ನು ಗಾಳಿಯಿಂದ ಓಡಿಸಬೇಕೋ ನೀರಿನಿಂದಲೋ ಎನ್ನುವ ಜಗಳ ಮೊದಲು ತಮಾಷೆಗೆ ಶುರುವಾಗಿ, ಒಂಬತ್ತು ವರ್ಷದ ಹಿಂದೆ ಎರಡು ಅಂಗಡಿಯಾಗಿ ಮುಗಿದಿತ್ತು. ಗಿರಾಕಿಗಳು ಇಬ್ಬರಿಗೂ ಒಂದೊಂದು ಅಡ್ಡಹೆಸರಿಟ್ಟು ಲೆಕ್ಕ ಸರಿಮಾಡಿದ್ದರು.

ಬೂದಿ ಮೇಡಂ ನೇರಳೆ ಅಂಟಿದ ಹತ್ತಿಯ ಉಂಡೆಯನ್ನು ಕಟ್ಟೆಯ ಮೇಲಿಟ್ಟರು.

ಪಂಪಣ್ಣ ಅದನ್ನು ಮುಟ್ಟಲಿಲ್ಲ, ಮೂಸಲಿಲ್ಲ. "ನಂದೇ," ಎಂದ.

"ಅಷ್ಟು ಸಲೀಸಾಗಿ ಒಪ್ಕೊಂಡ್ರೆ ಹೇಗೆ?"

"ಬಣ್ಣ ನಂದು ಅಂದೆ. ಸುರಿದಿದ್ದು ನಾನು ಅನ್ನಲಿಲ್ಲ."

"ಬೇರೆ ಯಾರ ಹತ್ರ ಇರುತ್ತೆ ಇದು?"

"ನನ್ನ ಗಿರಾಕಿಗಳೆಲ್ಲರ ಹತ್ರ. ಬರೀ ವಿಚಾರಿಸೋಕೆ ಬಂದವರಿಗೂ ಒಂದು ಚಿಕ್ಕ ಬಾಟಲಿ ಕೊಡ್ತೀನಿ, ಮನೇಲಿಟ್ಟು ಬಣ್ಣ ನೋಡ್ಕೊಳ್ಳಿ ಅಂತ." ಅವನು ತಡೆದ. "ಆ ಕಲಾವಿದೆಗೂ ಕೊಟ್ಟಿದ್ದೆ. ಮೊದಲು ಬಂದಿದ್ದು ನನ್ನ ಹತ್ರಾನೇ, ಗೊತ್ತಾ? ಗಂಡ ಹೆಂಡ್ತಿ ಇಬ್ರೂ ಬಂದಿದ್ರು. ಬಣ್ಣ ಆರಿಸಿದ್ದು ಯಜಮಾನ್ರು."

ಬೂದಿ ಮೇಡಂ ಇದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು. "ಮತ್ತೆ ಯಾಕೆ ಬಿಟ್ಟು ಹೋದ್ರು?"

"ನನ್ನ ಪಂಪಿನ ಮೇಲೆ ಕಿವಿ ಇಟ್ಟು ಕೇಳಿದ್ಲು. ಗುಂಯ್ ಅಂತ ಒಂದು ಸದ್ದು ಇದೆಯಲ್ಲ ಅಂದ್ಲು. ಇಲ್ಲ ಅಂದೆ. ಇದೆ ಅಂದ್ಲು. ಮಾರನೇ ಶನಿವಾರ ಅವನ ಅಂಗಡಿಯಲ್ಲಿ ಕೂತಿದ್ಲು." ಪಂಪಣ್ಣ ಕೊಳವೆಯ ತುಂಡೊಂದನ್ನು ಕೈಗೆತ್ತಿಕೊಂಡು ಬಗ್ಗಿಸಿದ. "ಆರು ಶನಿವಾರ. ನಾನು ಎದುರು ಫುಟ್‌ಪಾತಲ್ಲಿ ಹಾದುಹೋಗ್ತಾ ನೋಡ್ತಿದ್ದೆ. ಅವನು ಕೈ ಜೇಬಲ್ಲಿಟ್ಕೊಂಡು ಪಾಠ ಹೇಳ್ತಿರ್ತಿದ್ದ. ಅವಳು ಬರ್ಕೊಳ್ತಿದ್ಲು."

"ಭಾನುವಾರ ಎಲ್ಲಿದ್ರಿ?"

"ತಂಗಿ ಮನೇಲಿ ಊಟಕ್ಕೆ. ಪ್ರತಿ ಭಾನುವಾರ ಅಲ್ಲೇ. ಅವನ ಜೊತೆ ಮಾತು ಬಿಟ್ಟಿದ್ದೀನಿ, ತಂಗಿ ಕೈ ಅಡುಗೆ ಬಿಟ್ಟಿಲ್ಲ. ಅವನು ಗೋಡೆ ನೋಡ್ಕೊಂಡು ಉಣ್ತಾನೆ, ನಾನು ತಟ್ಟೆ ನೋಡ್ಕೊಂಡು ಉಣ್ತೀನಿ. ಆವತ್ತು ಜ್ವರ ಅಂತ ಅವನು ಮಲಗಿದ್ದ, ಅದೇ ಒಂದು ನೆಮ್ಮದಿ."

"ಊಟಕ್ಕೆ ಮುಂಚೆ?"

ಕೊಳವೆ ಅವನ ಕೈಯಲ್ಲಿ ಪಟ್ಟೆಂದು ಮಡಚಿಹೋಯಿತು.

"ಶನಿವಾರ ಸಂಜೆ ತಂಗಿನ ಮಾತಾಡಿಸೋ ನೆಪದಲ್ಲಿ ಅವನ ಅಂಗಡಿಗೆ ಹೋಗಿದ್ರಿ," ಎಂದರು ಬೂದಿ ಮೇಡಂ. "ಎದುರುಗಡೆ ಪುಸ್ತಕದಂಗಡಿಯಾಕೆ ನೋಡಿದ್ದಾಳೆ. ಭಾನುವಾರ ಹನ್ನೊಂದಕ್ಕೆ ಕಲಾವಿದೆಯ ಬೀದಿಯಲ್ಲಿ ನಿಮ್ಮ ಸ್ಕೂಟರ್ ನಿಂತಿತ್ತು. ಅದರ ಮೇಲೆ ನೇರಳೆ ಅಕ್ಷರದಲ್ಲಿ ಅಂಗಡಿ ಹೆಸರು ಬರೆಸಿದ್ದೀರಿ. ಕಳ್ಳತನಕ್ಕೆ ಹೋಗೋವಾಗಲಾದ್ರೂ ಅದನ್ನ ಮನೇಲಿ ಬಿಡಬಾರದಾ?"

ಪಂಪಣ್ಣ ಸ್ಟೂಲಿನ ಮೇಲೆ ಕುಸಿದ ಹಾಗೆ ಕೂತ. ನಲವತ್ತೆಂಟರ ದಪ್ಪ ಆಸಾಮಿ. ಕೂತಾಗ ಮಗುವಿನ ಹಾಗೆ ಕಂಡ.

"ಕೇಳೋಕೆ ಹೋಗಿದ್ದೆ."

"ಏನನ್ನ?"

"ಆ ಕಂಪ್ಯೂಟರನ್ನ. ಪತ್ರಿಕೆಯಲ್ಲಿ ಬರೆದಿದ್ರಲ್ಲ, ಪಕ್ಕದಲ್ಲಿ ಕೂತ್ರೂ ಓಡ್ತಿದೆ ಅಂತ ಗೊತ್ತಾಗದ ಯಂತ್ರ ಅಂತ. ಅವನ ಫೋಟೋ ಬೇರೆ. ಬರೀ ಫ್ಯಾನಲ್ಲಿ ಅಷ್ಟು ಮೌನ ಸಾಧ್ಯ ಇಲ್ಲ ಅಂತ ನನಗೆ ಗೊತ್ತು. ಸುಳ್ಳು ಅಂತ ನನ್ನ ಕಿವಿಗೇ ಗೊತ್ತಾಗಬೇಕಿತ್ತು. ಭಾನುವಾರ ಆ ಮನೇಲಿ ಯಾರೂ ಇರಲ್ಲ ಅಂತ ತಂಗಿ ಬಾಯಲ್ಲಿ ಕೇಳಿದ್ದೆ. ಅದಕ್ಕೆ ಕೀ ಎತ್ತಿಕೊಂಡೆ."

"ಗೊತ್ತಾಯ್ತಾ?"

ಅವನು ಮಡಚಿಹೋದ ಕೊಳವೆಯನ್ನು ನೆಟ್ಟಗೆ ಮಾಡಲು ನೋಡಿದ.

"ಆನ್ ಮಾಡ್ದೆ. ಅವಳ ಕುರ್ಚಿಯಲ್ಲಿ ಕೂತೆ. ಸದ್ದೇ ಇಲ್ಲ. ಪ್ರೊಸೆಸರಿಗೂ ಕಾರ್ಡಿಗೂ ಒಟ್ಟಿಗೆ ಭಾರದ ಕೆಲಸ ಕೊಟ್ಟೆ, ಈಗ ಕಿರುಚುತ್ತೆ ನೋಡು ಅಂತ. ಪರದೆ ಮೇಲೆ ಬಿಸಿಯ ಅಂಕಿ ಏರೋದನ್ನ ನೋಡ್ತಾ ಕೂತೆ. ಐವತ್ತು, ಅರವತ್ತು, ಅರವತ್ತೆಂಟು. ಅಲ್ಲಿಗೆ ನಿಂತ್ಹೋಯ್ತು. ಮುಕ್ಕಾಲು ಗಂಟೆ ಕಾದೆ ಮೇಡಂ. ತೊಂಬತ್ತಾಗಲಿ ಅಂತ ಬೇಡ್ಕೊಳ್ತಾ ಕೂತಿದ್ದೆ. ಅರವತ್ತೆಂಟು ದಾಟಲಿಲ್ಲ. ಕೋಣೇಲಿ ಬೆವರ್ತಾ ಇದ್ದವನು ನಾನೊಬ್ನೇ."

"ಆಗ ಹೊಟ್ಟೆ ಉರೀತು."

"ಹೊಟ್ಟೆ ಉರಿಗೆ ಫ್ಯಾನೂ ಇಲ್ಲ, ಪಂಪೂ ಇಲ್ಲ," ಎಂದ ಪಂಪಣ್ಣ. ನಗಿಸಲು ಹೇಳಿದ್ದಲ್ಲ.

ಬೂದಿ ಮೇಡಂ ಕೂಡ ನಗಲಿಲ್ಲ. ಅವರಿಗೂ ಒಬ್ಬಾಕೆ ನೆನಪಾದಳು: ತಮ್ಮ ಪಕ್ಕದ ಮೇಜಿನಲ್ಲಿದ್ದ ಪರಿಶೀಲಕಿ. ತಾವು ಮೂರು ದಿನ ಬೂದಿ ಜಾಲಾಡಿ ಕಂಡುಕೊಂಡದ್ದನ್ನು ಆಕೆ ಬಾಗಿಲಲ್ಲೇ ನಿಂತು ಮೂಸಿ ಹೇಳುತ್ತಿದ್ದಳು. ಆಕೆಗೆ ಬಡ್ತಿ ಸಿಕ್ಕಿದ ದಿನ ತಾವು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು. ಅಂಗೈ ಎರಡು ದಿನ ನೋಯುತ್ತಿತ್ತು.

"ಆಮೇಲೆ ಬಾಟಲಿ ತೆಗೆದ್ರಿ," ಎಂದು ಕೆಣಕಿದರು.

"ಇಲ್ಲ. ಸ್ಕ್ರೂಡ್ರೈವರ್ ತೆಗೆದೆ." ಪಂಪಣ್ಣನ ದನಿ ಇಳಿಯಿತು. "ಪ್ರೊಸೆಸರ್ ಮೇಲೆ ಕೂರಿಸಿದ ಲೋಹದ ತಂಪುಗೋಪುರ ಬಿಚ್ಚಿದೆ. ಅದರ ಕೆಳಗೆ ಪೇಸ್ಟ್ ಹೇಗೆ ಹಚ್ಚಿದಾನೆ ನೋಡಬೇಕಿತ್ತು. ಬಿಸಿ ಪ್ರೊಸೆಸರಿಂದ ಲೋಹಕ್ಕೆ ದಾಟೋದು ಆ ಪೇಸ್ಟ್ ಮೂಲಕಾನೇ. ಅಡುಗೆಯೋರು ಒಗ್ಗರಣೆ ಬಚ್ಚಿಡೋ ಹಾಗೆ ನಾವು ಅದನ್ನ ಬಚ್ಚಿಡ್ತೀವಿ. ಕಳ್ಳತನ ಅಂದ್ರೆ ಅದೇ, ನಾನು ಮಾಡಿದ್ದು. ನೋಡಿ, ಒರೆಸಿ, ಹೊಸ ಪೇಸ್ಟ್ ಹಚ್ಚಿ, ಇದ್ದ ಹಾಗೇ ಕೂರಿಸಿ ಬಂದೆ. ಹನ್ನೆರಡೂವರೆಗೆ ಬೀಗ ಹಾಕಿದೆ. ಒಂದಕ್ಕೆ ಕೀನ ಮೊಳೆಗೆ ನೇತುಹಾಕಿ ಊಟಕ್ಕೆ ಕೂತೆ."

"ನೀವು ಹೊರಡೋವಾಗ ಎಸ್‌ಎಸ್‌ಡಿ ಇತ್ತಾ?"

"ಇಲ್ದೆ ಕಂಪ್ಯೂಟರ್ ಹೇಗೆ ಓಡುತ್ತೆ?"

"ಸರಿ. ಪೇಸ್ಟ್ ಹೇಗಿತ್ತು?"

ಪಂಪಣ್ಣ ಎದ್ದು ಹೋಗಿ, ಚೆನ್ನಾಗಿಯೇ ಓಡುತ್ತಿದ್ದ ಪಂಪೊಂದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ.

"ಚೆನ್ನಾಗಿತ್ತು."

"ಅಷ್ಟೇನಾ?"

"ಅಷ್ಟೇ."

"ಐದು ಗಂಟೆಗೆ ಪೊಲೀಸರು ಬರ್ತಾರೆ," ಎಂದರು ಬೂದಿ ಮೇಡಂ. "ನಿಮ್ಮ ಬಣ್ಣ, ನಿಮ್ಮ ಸ್ಕೂಟರ್, ನೀವು ಕದ್ದ ಕೀ. ಒಂದು ಹೆಣ್ಣಿನ ಕೈ ಮುರಿದಿದೆ. ನೀವು ಬರೀ ಕೇಳೋಕೆ ಹೋಗಿದ್ರಿ ಅಂದ್ರೆ ನಂಬೋಳು ನಾನೊಬ್ಬಳೇ. ನನಗೂ ಪೂರ್ತಿ ಹೇಳದಿದ್ರೆ ಆ ಒಬ್ಬಳೂ ಇರಲ್ಲ."

ಬೂದಿ ಮೇಡಂ ಪಂಪುಗಳ ಗುನುಗಿಗೆ ಕಿವಿಗೊಟ್ಟರು. ಅದು ಕೇಳುತ್ತಲೇ ಇತ್ತು. ಕಲಾವಿದೆ ಹೇಳಿದ್ದು ಸುಳ್ಳಲ್ಲ.

"ಅವನು ನಡುವೆ ಒಂದು ಚುಕ್ಕೆ ಇಟ್ಟು ಒತ್ತುತ್ತಾನೆ," ಎಂದ ಪಂಪಣ್ಣ, ಬೆನ್ನು ತಿರುಗಿಸಿಕೊಂಡೇ. "ಹದಿನಾಲ್ಕು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೀನಿ. ಬೇರೆ ಥರ ಅವನಿಗೆ ಬರಲ್ಲ. ಇದು ಹಾಗಿರಲಿಲ್ಲ. ಗೋಡೆಗೆ ಸುಣ್ಣ ಹೊಡೆದ ಹಾಗೆ ಅಂಚಿಂದ ಅಂಚಿಗೆ ತೆಳ್ಳಗೆ ಎಳೆದಿತ್ತು. ಎಡಗಡೆ ಕೆಳಮೂಲೆಯಲ್ಲಿ ಉಗುರಿನಷ್ಟು ಜಾಗ ಖಾಲಿ."

"ಅದು ಯಾರ ಕೈ?"

"ಆ ಖಾಲಿ ಮೂಲೆ ನಾನು ಹೇಳಿಕೊಟ್ಟಿದ್ದು. ಪೇಸ್ಟ್ ಎಳೆಯೋ ಪ್ಲಾಸ್ಟಿಕ್ ಪಟ್ಟಿನ ಊರೋಕೆ ಒಂದು ಜಾಗ ಬೇಕು, ಒತ್ತಿದಾಗ ಪೇಸ್ಟ್ ತಾನೇ ಅಲ್ಲಿಗೆ ಹರಿಯುತ್ತೆ ಅಂತ. ಅಂಗಡಿ ಹೊಸದು, ಅವಳಿಗಿನ್ನೂ ಮದುವೆ ಆಗಿರಲಿಲ್ಲ. ಹತ್ತೊಂಬತ್ತು ವರ್ಷ. ಸಂಜೆ ಹೊತ್ತು ಬಂದು ಪಕ್ಕದಲ್ಲಿ ಕೂರ್ತಿದ್ಲು. ನನಗಿಂತ ಚೆನ್ನಾಗಿ ಎಳೀತಿದ್ಲು." ಅವನು ತಿರುಗಿದ. ಕಣ್ಣು ಕೆಂಪಾಗಿತ್ತು. "ನನ್ನ ತಂಗಿ ಕೈ ಮೇಡಂ. ಆ ಕಂಪ್ಯೂಟರ್ ಕಟ್ಟಿದವಳು ಅವಳು. ಅವನಲ್ಲ. ಒಂಬತ್ತು ವರ್ಷ ನಾನು ತಪ್ಪು ಮನುಷ್ಯನ ಮೇಲೆ ಹೊಟ್ಟೆ ಉರಿಸ್ಕೊಂಡೆ."

"ತಂಗಿ ಅಂತ ಗೊತ್ತಾದ ಮೇಲೆ?"

"ಸಮಾಧಾನ ಆಗಬೇಕಿತ್ತು. ನಮ್ಮ ಹುಡುಗಿ ಅಂತ ಹೆಮ್ಮೆ ಆಗಬೇಕಿತ್ತು." ಪಂಪಣ್ಣ ಮಡಚಿಹೋದ ಕೊಳವೆಯನ್ನು ಕಸದ ಬುಟ್ಟಿಗೆ ಹಾಕಿದ. "ಉರಿ ಇನ್ನೂ ಜಾಸ್ತಿ ಆಯ್ತು. ಆವತ್ತು ಅವಳು ಬಡಿಸ್ತಾ ಇದ್ಲು. ಇನ್ನೊಂಚೂರು ಹಾಕ್ಲಾ ಅಣ್ಣಾ ಅಂದ್ಲು. ನನಗೆ ಅವಳ ಮುಖ ನೋಡೋಕಾಗಲಿಲ್ಲ. ಬೆರಳು ನೋಡ್ತಿದ್ದೆ."

*

ಫ್ಯಾನಣ್ಣನ ಮನೆ ಅವನ ಅಂಗಡಿಯ ಮೇಲೆಯೇ. ಅಂಗಡಿಯ ಒಳಗಿನಿಂದ ಮರದ ಮೆಟ್ಟಿಲು. ಬೂದಿ ಮೇಡಂ ಬಂದಾಗ ನಾಲ್ಕು ಗಂಟೆ. ಫ್ಯಾನಣ್ಣ ಕಟ್ಟೆಯ ಹಿಂದೆ ಕೂತು, ಗಿರಾಕಿಯೊಬ್ಬರಿಗೆ ಫೋನಿನಲ್ಲಿ ಗಾಳಿಯ ದಾರಿ ವಿವರಿಸುತ್ತಿದ್ದ. ಮೇಲೆ ಹೋಗಿ ಎಂದು ಗದ್ದದಿಂದಲೇ ತೋರಿಸಿದ.

ಬಾಗಿಲು ತೆರೆದವಳು ಸಣಕಲು ಮೈಯ, ಕತ್ತರಿಸಿದ ಉಗುರಿನ, ಕೂದಲನ್ನು ಎತ್ತಿ ಗಂಟು ಹಾಕಿದ ಹೆಂಗಸು. ಬೂದಿ ಮೇಡಂ ಕುಶಲ ಕೇಳಲಿಲ್ಲ.

"ಭಾನುವಾರ ಮಧ್ಯಾಹ್ನ ನಿಮ್ಮಣ್ಣ ಊಟ ಮಾಡಿ ಹೋದ ಮೇಲೆ ಕೀ ತಗೊಂಡು ಹೋಗಿದ್ದು ನೀವು. ಸ್ಕ್ರೂನ ಅದರ ಜಾಗಕ್ಕೇ ಹಾಕಿ ಬರೋದು ಕಟ್ಟಿದ ಕೈ ಮಾತ್ರ. ಎಸ್‌ಎಸ್‌ಡಿ ಎಲ್ಲಿದೆ?"

ಆಕೆ ಕೆಳಗಿನ ಮೆಟ್ಟಿಲಿನತ್ತ ಒಮ್ಮೆ ನೋಡಿದಳು. ಆಮೇಲೆ ದಾರಿ ಬಿಟ್ಟಳು.

ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಅರ್ಧ ಕಟ್ಟಿದ ಮೂರು ಕಂಪ್ಯೂಟರ್. ಸ್ಕ್ರೂಗಳು ಗಾತ್ರದ ಪ್ರಕಾರ ಚಿಕ್ಕ ಬಟ್ಟಲುಗಳಲ್ಲಿ.

"ಎಲ್ಲ ನೀವೇ ಕಟ್ಟೋದು."

"ಒಂಬತ್ತು ವರ್ಷದಿಂದ," ಎಂದಳು. "ಅವರ ಕೈ ನಡುಗುತ್ತೆ. ಅಂಗಡಿ ಬೇರೆ ಆದ ವರ್ಷವೇ ಶುರುವಾಯ್ತು. ಚಮಚ ಹಿಡಿಯೋಕಾಗುತ್ತೆ, ಸ್ಕ್ರೂ ಹಿಡಿಯೋಕಾಗಲ್ಲ. ಆರಿಸೋದು ಅವರು, ಕಟ್ಟೋದು ನಾನು. ಹೊರಗೆ ಗೊತ್ತಾದ್ರೆ ಯಾರೂ ಬರಲ್ಲ ಅಂದ್ರು. ಸರಿ ಅಂದೆ."

"ಆ ಕಲಾವಿದೆ ಬರೋವರೆಗೂ ಸರಿಯಾಗಿತ್ತು."

ಆಕೆ ಬಟ್ಟಲೊಂದನ್ನು ಎತ್ತಿ ಅದೇ ಜಾಗಕ್ಕೆ ಇಟ್ಟಳು.

"ಕಂಪ್ಯೂಟರ್ ಒಯ್ಯೋ ದಿನ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವಳು ಇವರ ಎರಡೂ ಕೈ ಹಿಡ್ಕೊಂಡು, ನಿಮ್ಮ ಕೈಯಲ್ಲಿ ಏನೋ ಇದೆ ಅಂದ್ಲು. ಇವರು ಕೈ ಎಳ್ಕೊಳ್ಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾವ ಅಂಗಡಿಯ ಮುಂದೆ ನಿಂತು ಇವರು ನನಗೆ ಏನನ್ನಾದ್ರೂ ಆರು ಶನಿವಾರ ವಿವರಿಸಿದಾರೆ ಹೇಳಿ. ನನಗೆ ಚೀಟಿ ಬರುತ್ತೆ ಅಷ್ಟೇ. ಇದಕ್ಕೆ ಇದು ಹಾಕು ಅಂತ."

"ಅದಕ್ಕೆ ಎಸ್‌ಎಸ್‌ಡಿ ಕದ್ರಿ."

"ಅವಳು ಆ ಕೋಣೇಲಿ ಮೈಕ್ ಇಟ್ಕೊಂಡಿದ್ದಾಳೆ. ಇವರು ಧೂಳು ತೆಗೆಯೋಕೆ ಹೋದಾಗೆಲ್ಲ ಒಂದು ಗಂಟೆ, ಎರಡು ಗಂಟೆ. ಧೂಳು ಅಷ್ಟಿರುತ್ತಾ? ಮೈಕ್ ಆನ್ ಇದ್ದಿದ್ರೆ ಏನಾದ್ರೂ ಉಳಿದಿರಬೇಕು ಅನ್ನಿಸ್ತು. ಕೇಳಿ, ಸೋಮವಾರ ಅವಳು ಕೆಲಸಕ್ಕೆ ಕೂರೋ ಮುಂಚೆ ಧೂಳು ತೆಗೆಯೋ ನೆಪ ಹೇಳಿ ನಾನೇ ಹೋಗಿ ವಾಪಸ್ ಹಾಕೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಅದು ಸುಟ್ಟೋಗಿತ್ತು."

"ಡ್ರಾಯರಲ್ಲಿದ್ದ ಡಿಸ್ಕ್?"

"ಡ್ರಾಯರ್ ನಾನು ಮುಟ್ಟಲಿಲ್ಲ."

"ನೀರು?"

ಮೊದಲ ಸಲ ಆಕೆಯ ದನಿ ಏರಿತು. "ನಾನು ಕಟ್ಟಿದ್ದಕ್ಕೆ ನಾನೇ ನೀರು ಸುರೀತೀನಾ? ನಾನು ಮುಚ್ಚಿಟ್ಟು ಬರೋವಾಗ ಒಣಗಿತ್ತು. ಮೂರೂವರೆ ಗಂಟೆ. ಮೇಲಿನ ಜಾಲರಿ ಒರೆಸಿಯೇ ಬಂದೆ."

ಮೂರೂವರೆಯಿಂದ ಏಳರವರೆಗೆ ಮನೆ ಖಾಲಿ. ಏಳರ ಮೇಲೆ ಮನೆಯವರೇ ಇದ್ದರು. ಬೂದಿ ಮೇಡಂ ಈ ಎರಡು ಅವಧಿಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರು.

"ಕೇಳಿದ್ರಾ? ಸಿಕ್ತಾ, ಹುಡುಕಿದ್ದು?"

"ಇವರ ದನಿ ಇತ್ತು. ಬರೀ ಫ್ಯಾನ್ ವಿಷಯ." ಆಕೆ ತಲೆ ತಗ್ಗಿಸಿದಳು. ಅದು ನಾಚಿಕೆಯೋ, ಎದೆಯ ಭಾರ ಇಳಿದದ್ದೋ ತಿಳಿಯಲಿಲ್ಲ. "ಇಡೀ ಎರಡು ರಾತ್ರಿ ಕೇಳಿದ್ದೀನಿ. ಆದ್ರೆ ಬೇರೆ ಒಂದು ಸಿಕ್ತು ಮೇಡಂ. ಅದನ್ನ ಯಾರಿಗೆ ಹೇಳಲಿ ಅಂತ ಗೊತ್ತಾಗದೆ ಕೂತಿದ್ದೆ."

ಆಕೆ ಮೇಜಿನ ಕೊನೆಯ ಕಂಪ್ಯೂಟರಿನ ಮುಂದೆ ಕೂತು ಒಂದು ಧ್ವನಿಯ ಕಡತ ತೆರೆದಳು. ಮೊದಲು ಕಾಗದದ ಸರಬರ. ಪೆನ್ನು ಪರದೆಯ ಗಾಜಿನ ಮೇಲೆ ಗೀರುವ ಸದ್ದು, ಸಮನಾಗಿ, ಬಹಳ ಹೊತ್ತು. ಆಮೇಲೆ ಒಬ್ಬ ಗಂಡಸಿನ ದನಿ, ಹತ್ತಿರದಿಂದ, ದಣಿದು.

"ಮಗು ತಲೆ ಎತ್ತೋ ಜಾಗ ಇನ್ನೊಂದು ಸಲ ಬರೀತೀನಿ. ಕಣ್ಣು ಸರಿ ಬಂದಿಲ್ಲ. ನೀನು ಮಲಗು."

"ಮುಗಿಸಿಬಿಡು. ಉತ್ಸವದವರಿಗೆ ಹೆಸರುಗಳ ಪಟ್ಟಿ ಕಳಿಸಿಯಾಯ್ತು." ಇದು ಕಲಾವಿದೆ.

ಗೀರುವ ಸದ್ದು ನಿಂತಿತು.

"ನನ್ನ ಹೆಸರು?"

"ಹಲ್ಲು ಕೀಳೋನು ಬರೆದ ಚಿತ್ರ ಅಂದ್ರೆ ನಗ್ತಾರೆ. ಮೂರು ವರ್ಷದಿಂದ ಇದೇ ಮಾತು ಆಗ್ತಿದೆ. ನನ್ನ ಹೆಸರಿಗೆ ಒಂದು ಬೆಲೆ ಇದೆ, ಅದರಿಂದಲೇ ಈ ಚಿತ್ರ ನಾಲ್ಕು ಜನರ ಕಣ್ಣಿಗೆ ಬೀಳೋದು."

"ಪ್ರತಿಯೊಂದು ಗೆರೆ ನಂದು."

"ಗೊತ್ತು. ಮಲಗು ಬಾ."

ಕುರ್ಚಿ ಸರಿದ ಸದ್ದು. ಬಾಗಿಲು. ಬಹಳ ಹೊತ್ತಿನ ಮೌನ. ಆ ಯಂತ್ರದ ಮೌನವೇ ಅದು, ಉಸಿರು ಕೂಡ ಕೇಳುವಂಥದ್ದು. ಆಮೇಲೆ ಆ ಗಂಡಸಿನ ದನಿ, ತನಗೆ ತಾನೇ ಹೇಳಿಕೊಂಡ ಹಾಗೆ:

"ನನ್ನದು ಅಂತ ಯಾರೂ ನೋಡದಿದ್ರೆ, ಯಾರದು ಅಂತಲೂ ಯಾರೂ ನೋಡೋದು ಬೇಡ."

ಫ್ಯಾನಣ್ಣನ ಹೆಂಡತಿ ಕಡತ ನಿಲ್ಲಿಸಿದಳು. ಬೂದಿ ಮೇಡಂ ಫೋನಿಗೆ ಕೈ ಹಾಕಿದರು.

ಆಗಲೇ ಕೆಳಗೆ ಅಂಗಡಿಯ ಬಾಗಿಲ ಗಂಟೆ ಅಲುಗಿತು. ಅದೇ ದನಿ, ಈಗ ಮರದ ಮೆಟ್ಟಿಲುಗಳ ಬುಡದಿಂದ, ಬಲು ವಿನಯವಾಗಿ ಕೇಳುತ್ತಿತ್ತು.

"ಅಕ್ಕಾವ್ರು ಮೇಲಿದ್ದಾರಾ? ಅವರ ಹತ್ರ ನಂದೊಂದು ವಸ್ತು ಉಳಿದಿದೆ. ಪತ್ತೇದಾರಿ ಮೇಡಂ ಇಲ್ಲಿಗೇ ಬಂದಿದ್ದು ನೋಡಿ ಗೊತ್ತಾಯ್ತು."

ಫ್ಯಾನಣ್ಣ ಏನೋ ಹೇಳಲು ಹೊರಟ. ಮಾತು ಅರ್ಧಕ್ಕೆ ನಿಂತಿತು. ಏನೋ ಭಾರವಾದದ್ದು ನೆಲಕ್ಕೆ ಬಿತ್ತು. ಹಿಂದೆಯೇ, ಹಗಲು ನಾಲ್ಕೂವರೆಗೆ, ಅಂಗಡಿಯ ಷಟರು ಒಳಗಿನಿಂದ ಪೂರ್ತಿ ಇಳಿದ ಸದ್ದು.

ಮೆಟ್ಟಿಲು ಹತ್ತಿ ಬರುತ್ತಿದ್ದದ್ದು ಒಬ್ಬರ ಹೆಜ್ಜೆ ಮಾತ್ರ.